ದೊಡ್ಡಪತ್ರೆಯ ಆರು ಗಂಟು

ಜೂನ್ 4

ಪುಟ್ಟಿಗೆ,

ಹಾಗಾಗಿ ನಾನು ಹೇಳುವುದಿಷ್ಟೇ, ತಪ್ಪು ಕುಂಚದ್ದಲ್ಲ. ನಿನ್ನೆ ಫೋನಿನಲ್ಲೇ ಇದನ್ನು ಹೇಳುವವನಿದ್ದೆ. ಆದರೆ ನನ್ನ ಎಡಗಿವಿ ಪೂರ್ತಿ ನಿವೃತ್ತಿಯಾಗಿದೆ, ಬಲಗಿವಿ ಅರ್ಧ ಸಂಬಳದ ಮೇಲಿದೆ. ನೀನು ಆಡಿದ್ದರಲ್ಲಿ ಮುಕ್ಕಾಲು ಪಾಲು ತಂತಿಯಲ್ಲೇ ಉಳಿಯಿತು. ನಮಗೆ ಕಾಗದವೇ ಸರಿ. ನಿನ್ನ ಅಕ್ಕ ಇದ್ದಾಗಲೂ ಮನೆಯ ಕಾನೂನು ಅದೇ ತಾನೆ, ಟೈಪು ಮಾಡಿದ್ದು ನೋಟೀಸು, ಕೈಯಲ್ಲಿ ಬರೆದದ್ದು ಕಾಗದ.

ಸೊನ್ನೆ ನಂಬರಿನ ಕುಂಚ ಇನ್ನೆರಡು ಇಟ್ಟಿದ್ದೇನೆ. ಹೋದ ಸಲದವು ಒರಟು, ಸೂಕ್ಷ್ಮದರ್ಶಕದ ಕೆಳಗೆ ಸರಿಸುವಾಗ ನೊಣಗಳ ರೆಕ್ಕೆ ಮುರಿಯುತ್ತಿವೆ ಎಂದು ದೂರಿದ್ದೀಯ. ಅವು ನಾನು ಅಂಗಡಿ ಬೋರ್ಡುಗಳ ಮೇಲೆ ಕೂದಲೆಳೆಯ ಗೆರೆ ಎಳೆಯುತ್ತಿದ್ದ ಕುಂಚಗಳು ಕಣೇ! ಕಾಲೇಜಿನಲ್ಲಿ ನಮ್ಮ ಇಂಗ್ಲಿಷ್ ಮೇಷ್ಟ್ರು ಹೇಳುತ್ತಿದ್ದರು, ‘ಎ ಬ್ಯಾಡ್ ವರ್ಕ್‌ಮನ್ ಆಲ್ವೇಸ್...’ ಮುಂದಿನದು ಮರೆತಿದೆ. ಎರಡೇ ವರ್ಷ ಓದಿದವನಿಗೆ ಅರ್ಧ ಗಾದೆ ಬಂದದ್ದೇ ಹೆಚ್ಚು. ನಮ್ಮದರಲ್ಲಿ ಪೂರ್ತಿ ಇದೆ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಕೋಪಿಸಿಕೊಳ್ಳಬೇಡ. ನಾದಿನಿಯನ್ನು ರೇಗಿಸದಿದ್ದರೆ ಭಾವನಾಗಿ ಏನು ಪ್ರಯೋಜನ?

ಕೆಳಗಿನ ಮನೆಯ ಟೈಲರಮ್ಮನಿಗೆ ನಿನ್ನ ಕೆಲಸ ವಿವರಿಸಿ ಸಾಕಾಯಿತು. ಕೈಕಾಲು ನಡುಗುವ ಪಾರ್ಕಿನ್ಸನ್ಸ್ ಕಾಯಿಲೆ ಹುಟ್ಟಿನಿಂದಲೇ ಬರುವಂಥ ನೊಣಗಳನ್ನು ಸಾಕುತ್ತಾಳೆ, ಅವುಗಳಲ್ಲಿ ಅರ್ಧಕ್ಕೆ ದೊಡ್ಡಪತ್ರೆ, ಓಮದಂಥ ಅಡುಗೆಯ ಗಿಡಗಳ ಸತ್ವ ಬೆರೆಸಿ ಉಣಿಸುತ್ತಾಳೆ, ಆಮೇಲೆ ಗಾಜಿನ ಕೊಳವೆ ಕುಟ್ಟಿ ಯಾವುದು ಮೇಲೆ ಹತ್ತುತ್ತದೆ ಯಾವುದು ತಳದಲ್ಲೇ ಬೀಳುತ್ತದೆ ಎಂದು ನೋಡುತ್ತಾಳೆ ಎಂದೆ. ಅವಳು ಬಾಯಲ್ಲಿದ್ದ ಗುಂಡುಸೂಜಿ ತೆಗೆದು, “ನೊಣ ಹೊಡೆಯೋರನ್ನ ನೋಡಿದೀನಿ ಸಾರ್, ನೊಣಕ್ಕೆ ಔಷಧಿ ಕುಡಿಸೋರನ್ನ ಇದೇ ಮೊದಲು ಕೇಳಿದ್ದು” ಅಂದಳು. ನಿಮ್ಮ ಅಮ್ಮ ಅದೇ ಕಾಯಿಲೆಯಲ್ಲಿ ಹೋದದ್ದನ್ನು ಹೇಳಿದ ಮೇಲೆ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಮಿಷನ್ ತುಳಿಯತೊಡಗಿದಳು.

ನೀನು ಕೇಳಿದ ದೊಡ್ಡಪತ್ರೆಯನ್ನು ನೆರಳಲ್ಲಿ ಒಣಗಿಸಿ ಪೊಟ್ಟಣ ಕಟ್ಟಿದ್ದೇನೆ. ನಿನ್ನ ಅಕ್ಕ ಅಡುಗೆಮನೆಯ ಕಿಟಕಿಯಲ್ಲಿಟ್ಟ ಅದೇ ಕುಂಡದ್ದು. ಲ್ಯಾಬಿನಲ್ಲಿ ಸೀಸೆಗಟ್ಟಲೆ ಸತ್ವ ಇಟ್ಟುಕೊಂಡವಳಿಗೆ ಇದೇಕೆ ಬೇಕಾಯಿತೋ ತಿಳಿಯಲಿಲ್ಲ. ಇರಲಿ, ಕಾಗೆ ಮರಿ ಕಾಗೆಗೆ ಮುದ್ದು, ಅಕ್ಕನ ಗಿಡ ತಂಗಿಗೆ ಮುದ್ದು.

ಯುವರ್ಸ್ ಫೇತ್‌ಫುಲಿ,
ನಿನ್ನ ಭಾವ

*

ಜೂನ್ 21

ಭಾವನವರಿಗೆ,

ಕುಂಚಗಳು ಬಂದವು. ಇವೂ ಹಿಂದಿನವುಗಳ ಹಾಗೇ ಇವೆ.

ದೊಡ್ಡಪತ್ರೆಯೂ ಬಂತು. ಎಷ್ಟು ದಿನ ಒಣಗಿಸಿದಿರಿ? ಪೊಟ್ಟಣ ಬಿಚ್ಚಿದರೆ ವಾಸನೆಯೇ ಇಲ್ಲ. ಬೆರಳಲ್ಲಿ ಹೊಸಕಿದೆ, ಬಿಸಿನೀರಿಗೆ ಹಾಕಿದೆ. ಕಾಗದ ನೆನೆಸಿದ ಹಾಗೆ. ಅಕ್ಕ ಹೋದ ಮೇಲೆ ಕುಂಡದ ಮಣ್ಣು ಬದಲಾಯಿಸಿಲ್ಲ ಅಲ್ಲವೆ? ಆ ಗಿಡ ಸತ್ತುಹೋಗಿದೆ ಭಾವ, ಎಲೆ ಮಾತ್ರ ಉಳಿದಿದೆ. ಅಥವಾ ಟರ್ಪೆಂಟೈನ್ ಕುಡಿದು ಕುಡಿದು ನಿಮ್ಮ ಮೂಗೇ ಹೋಗಿ, ಯಾವುದೋ ಬೇರೆ ಸೊಪ್ಪು ಕಳಿಸಿದ್ದೀರಿ.

ಕೆಲಸ ಬಹಳ ಇದೆ. ಚೆನ್ನಾಗಿದ್ದೇನೆ.

ಪುಟ್ಟಿ

*

ಜೂನ್ 29

ಪುಟ್ಟಿಗೆ,

ಗಿಡದ ಮೇಲೆ ನೀನು ಹೊರಿಸಿದ ಆರೋಪಕ್ಕೆ ದಿ ಅಂಡರ್‌ಸೈನ್ಡ್ ಈ ಕೆಳಗಿನಂತೆ ಉತ್ತರಿಸುತ್ತಾನೆ.

ಮೊದಲು ನನ್ನ ಮೇಲೇ ಅನುಮಾನ ಬಂತು, ಸುಳ್ಳೇಕೆ ಹೇಳಲಿ. ನಲವತ್ತು ವರ್ಷ ಬಣ್ಣ, ಟರ್ಪೆಂಟೈನ್ ಮೂಸಿದ ಮೂಗು ಇದು. ಅದರ ಸಾಕ್ಷಿ ಯಾವ ಕೋರ್ಟಿನಲ್ಲೂ ನಿಲ್ಲದು. ಅದಕ್ಕೇ ಕುಂಡ ಎತ್ತಿಕೊಂಡು ಕೆಳಗಿಳಿದು ಟೈಲರಮ್ಮನ ಮೂಗಿನ ಕೆಳಗೆ ಹಿಡಿದು ಒಂದು ಎಲೆ ಮುರಿದೆ. “ಅಯ್ಯೋ, ಆ ಕಡೆ ಹಿಡೀರಿ ಸಾರ್, ಬ್ಲೌಸ್ ಪೀಸಿಗೆಲ್ಲ ವಾಸನೆ ಹತ್ತುತ್ತೆ!” ಎಂದು ಸೀನಿದಳು. ಒಂದಲ್ಲ, ಸಾಲಾಗಿ ಸೀನಿದಳು. ಒಣಗಿದ್ದನ್ನೂ ತೋರಿಸಿದೆ. “ಇದು ಹಸಿಗಿಂತ ಜೋರು. ಕಳಿಸಿದ್ದಕ್ಕೆ ಪೋಸ್ಟಾಫೀಸಿನೋರು ಜಾಸ್ತಿ ಸ್ಟಾಂಪು ಕೇಳಲಿಲ್ವಾ?” ಅಂದಳು. ಕ್ಷೌರದಂಗಡಿಯವನಿಗೂ ತೋರಿಸಿದೆ. ಅವನು ತನ್ನ ಡಬ್ಬಿಯಲ್ಲಿಡಲು ನಾಲ್ಕು ಎಲೆ ಕಿತ್ತುಕೊಂಡ. ಸೋ, ದಿ ಪ್ಲಾಂಟ್ ಈಸ್ ನಾಟ್ ಗಿಲ್ಟಿ.

ನಿನಗೆ ನೆಗಡಿಯಾಗಿದೆ. ಅಷ್ಟೇ. ಆವಿ ತಗೊ. ತಲೆಗೆ ಎಣ್ಣೆ ಇಟ್ಟು ಎಷ್ಟು ತಿಂಗಳಾಯಿತು?

ಇನ್ನೊಂದು ದೂರು ನನ್ನದೂ ಇದೆ. ಇದೇನು ಅಕ್ಷರವೇ? ಸಾಲು ಹೊರಡುವಾಗ ಬೇಳೆಕಾಳಿನಷ್ಟಿದ್ದದ್ದು ಅಂಚಿಗೆ ಮುಟ್ಟುವಾಗ ಸಾಸಿವೆಯಾಗಿದೆ. ಕಾಗದ ಉಳಿಸುತ್ತಿದ್ದೀಯಾ? ನನ್ನ ಕೈಕೆಳಗೆ ಕಲಿಯಲು ಬಂದವರು ಹೀಗೆ ಬರೆದಿದ್ದರೆ ಬೋರ್ಡು ಅಳಿಸಿ ಮತ್ತೆ ಸುಣ್ಣದ ಗೆರೆ ಹೊಡೆಸುತ್ತಿದ್ದೆ. ನನ್ನ ಭೂತಗನ್ನಡಿ ಎಲ್ಲೋ ಬಿದ್ದಿದೆ, ದೊಡ್ಡದಾಗಿ ಬರಿ ಮಹಾತಾಯಿ.

ಯುವರ್ಸ್ ಫೇತ್‌ಫುಲಿ,
ಭಾವ

*

ಜುಲೈ 11

ಭಾವನವರಿಗೆ,

ನೆಗಡಿ ಇಲ್ಲ. ಹೋದ ಚಳಿಗಾಲದಿಂದ ಒಂದು ಸೀನೂ ಇಲ್ಲ.

ನೊಣಗಳ ಸುದ್ದಿ ಕೇಳಿ. ಸತ್ವ ತಿಂದವು ಹತ್ತುತ್ತಿವೆ. ತಿನ್ನದವು ತಳದಲ್ಲಿ ಕಾಲು ಬಡಿಯುತ್ತ ಕೂರುತ್ತವೆ. ಕೊಳವೆ ಕುಟ್ಟಿ ಕೈ ತೆಗೆದರೆ ಮೇಲೇರುವ ಆ ಸಾಲನ್ನು ನೀವು ನೋಡಬೇಕಿತ್ತು. ನೊಣ ಮನುಷ್ಯನಲ್ಲ, ಮನುಷ್ಯರಲ್ಲಿ ಹೀಗೇ ಆಗುತ್ತದೆಂದು ಯಾರೂ ತೋರಿಸಿಲ್ಲ, ಬಂದವರಿಗೆಲ್ಲ ಇದನ್ನೇ ಹೇಳುತ್ತೇನೆ. ನನಗೆ ನಾನೂ ಹೇಳಿಕೊಳ್ಳುತ್ತೇನೆ. ಆದರೂ ಬೆಳಿಗ್ಗೆ ಅವಕ್ಕೆ ತಿಂಡಿ ಹಾಕುವಾಗ ನನ್ನ ಲೋಟಕ್ಕೂ ಒಂದು ಹನಿ ಬೀಳುತ್ತದೆ. ನಗಬೇಡಿ.

ಗಿಡದ ವಿಷಯ ನಿಮಗೆ ಖಾತ್ರಿಯೆ? ಟೈಲರಮ್ಮ ಸೀನಿದ್ದು ಬಟ್ಟೆಯ ಧೂಳಿಗಿರಬಹುದು. ಇನ್ನೊಮ್ಮೆ ಸರಿಯಾಗಿ ನೋಡಿ ತಿಳಿಸಿ. ಬೇಗ ತಿಳಿಸಿ.

ಪುಟ್ಟಿ

*

ಜುಲೈ 20

ಪುಟ್ಟಿಗೆ,

ನೋಡಿದೆ. ನೀನು ಹೇಳಿದ್ದೇ ಸರಿ. ಗಿಡ ಕೆಟ್ಟಿದೆ. ಮಣ್ಣು ಬದಲಿಸದ್ದು ನನ್ನ ತಪ್ಪು. ಎಲೆಯಲ್ಲಿ ವಾಸನೆ ಇಲ್ಲ. ಟೈಲರಮ್ಮನೂ ಹಾಗೇ ಅಂದಳು.

ಆ ಹನಿ ಕುಡಿಯುವುದನ್ನು ನಿಲ್ಲಿಸು. ನೊಣದ ಲೆಕ್ಕದ್ದು ನಿನಗೇಕೆ?

ಬಿಸಿಲು ಚೆನ್ನಾಗಿದೆ. ದಿನಸಿ ಅಂಗಡಿಯ ಬೋರ್ಡೊಂದು ಬಂದಿದೆ.

ಭಾವ

*

ಆಗಸ್ಟ್ 2

ಭಾವನವರಿಗೆ,

ಸುಳ್ಳು ಹೇಳಲು ನಿಮಗೆ ಬರುವುದಿಲ್ಲ. ನಾಲ್ಕು ಹಾಳೆಗೆ ಕಮ್ಮಿ ಎಂದೂ ಬರೆಯದವರು ಅಂಗೈಯಗಲ ಬರೆದಿದ್ದೀರಿ. ಒಂದಾದರೂ ಇಂಗ್ಲಿಷ್ ಇಲ್ಲ. ಕೊನೆಗೆ ‘ಯುವರ್ಸ್ ಫೇತ್‌ಫುಲಿ’ ಕೂಡ ಹಾಕಿಲ್ಲ. ಹಾಕಲು ಕೈ ಬಂದಿರಲಾರದು.

ನಿಮಗೂ ಅದೇ ನೆನಪಾಗಿದೆ, ನನಗೆ ಗೊತ್ತು. ಅಮ್ಮ ತರಕಾರಿಯವಳ ಬುಟ್ಟಿಗೆ ಪುದೀನದ ಕಟ್ಟು ಎಸೆದು “ಹುಲ್ಲು ಮಾರ್ತೀಯೇನೇ?” ಎಂದು ಕೂಗಾಡಿದ್ದು. ನೀವು, ಅಕ್ಕ, ನಾನು ಒಳಗೆ ಹೊಟ್ಟೆ ಹಿಡಿದು ನಕ್ಕೆವು. ಆ ತರಕಾರಿಯವಳು ಆಮೇಲೆ ನಮ್ಮ ಮನೆ ಕಡೆ ಬರಲೇ ಇಲ್ಲ. ಅಮ್ಮನ ಕೈ ನಡುಗಲು ಶುರುವಾದದ್ದು ಎಷ್ಟೋ ವರ್ಷಗಳ ಮೇಲೆ. ಈ ಕಾಯಿಲೆ ಬಹಳ ಸಲ ಮೊದಲು ಮೂಗಿಗೆ ಬಂದು ಕೂರುತ್ತದೆ ಎಂದು ಆಗ ನಮಗ್ಯಾರಿಗೂ ತಿಳಿದಿರಲಿಲ್ಲ. ನಾನೀಗ ಅದನ್ನು ಪಾಠ ಮಾಡುತ್ತೇನೆ.

ಅದಕ್ಕೇ ನಿಮ್ಮ ಕುಂಡದ ಎಲೆ ಕೇಳಿದ್ದು. ಲ್ಯಾಬಿನ ಸೀಸೆಗಳ ಮೇಲೆ ಹೆಸರಿರುತ್ತದೆ. ಹೆಸರು ಓದಿದ ಮೇಲೆ ಮೂಗು ತಾನೇ ವಾಸನೆ ಹುಟ್ಟಿಸಿಕೊಳ್ಳುತ್ತದೆ. ಇಲ್ಲಿ ಯಾರಿಗಾದರೂ ನನ್ನನ್ನು ಪರೀಕ್ಷಿಸಿ ಎಂದರೆ ಮರುದಿನವೇ ಸೂಕ್ಷ್ಮದರ್ಶಕದ ಮುಂದಿನ ಕುರ್ಚಿ ಇನ್ನೊಬ್ಬರದು. ನನಗೆ ಇರುವುದು ಆ ಕುರ್ಚಿಯೊಂದೇ.

ಒಂದು ಕೆಲಸ ಮಾಡಿ. ಒಂದೇ ಥರದ ಬಟ್ಟೆಯಲ್ಲಿ ಆರು ಸಣ್ಣ ಗಂಟು ಕಟ್ಟಿ. ಮೂರರಲ್ಲಿ ಒಣ ದೊಡ್ಡಪತ್ರೆ. ಉಳಿದ ಮೂರರಲ್ಲಿ ಅದೇ ಎಲೆಯನ್ನು ಕುದಿಸಿ ಬಸಿದು, ವಾಸನೆಯೆಲ್ಲ ಹೋದ ಮೇಲೆ ಒಣಗಿಸಿದ್ದು. ಹೊರಗೆ ಅಂಕಿ ಬರೆಯಿರಿ. ಯಾವುದು ಯಾವುದೆಂದು ನಿಮಗೆ ಮಾತ್ರ ತಿಳಿದಿರಲಿ. ಮೂರನ್ನು ಸರಿಯಾಗಿ ಹೇಳಿದರೆ ನೀವು ಈ ಮಾತನ್ನು ಮತ್ತೆ ಎತ್ತಕೂಡದು. ತಪ್ಪಿದರೆ ಡಾಕ್ಟರ ಹತ್ತಿರ ಹೋಗುತ್ತೇನೆ. ಅಕ್ಕನ ಆಣೆಗೂ.

ಪುಟ್ಟಿ

*

ಆಗಸ್ಟ್ 18

ಪುಟ್ಟಿಗೆ,

ಇಗೋ ಆರು ಗಂಟು. ಒಂದೇ ಥಾನಿನ ಬಿಳಿ ಬಟ್ಟೆ, ಟೈಲರಮ್ಮ ಕತ್ತರಿಸಿಕೊಟ್ಟದ್ದು. ಅಂಕಿ ನಾನೇ ಬರೆದದ್ದು, ಸೊನ್ನೆ ನಂಬರಿನ ಕುಂಚದಲ್ಲಿ. ಎಂಟನೇ ಕ್ಲಾಸಿನಿಂದ ಅಂಕಿ ಬರೆಯುತ್ತಿದ್ದೇನೆ, ಇಷ್ಟು ಹೊತ್ತು ಹಿಡಿದದ್ದು ಇದೇ ಮೊದಲು.

ಎಲೆ ಕುದಿಸುತ್ತಿದ್ದಾಗ ಟೈಲರಮ್ಮ ಮೇಲೆ ಬಂದಳು. ಕುದಿಸಿದ ನೀರನ್ನು ಬಚ್ಚಲಿಗೆ ಚೆಲ್ಲಿ ಚರಟವನ್ನು ಜೋಪಾನವಾಗಿ ಹರಡುತ್ತಿದ್ದವನನ್ನು ನೋಡಿ ನಿಂತೇಬಿಟ್ಟಳು. “ಸಾರ್, ಕಷಾಯ ಚೆಲ್ಲಿ ಗಸಿ ಇಟ್ಕೋತಿದೀರಲ್ಲ. ಮಗಳಿಗೊಂದು ಫೋನ್ ಮಾಡಿಸ್ಲಾ?” ನಮಗೆ ಮಕ್ಕಳಿಲ್ಲ ಎಂದು ಅವಳಿಗೆ ಗೊತ್ತು, ಮರೆತಿದ್ದಳು. “ಹೂಂ, ಅವಳಿಗೇ ಮಾಡ್ತಿರೋದು ಇದು” ಅಂದೆ. ಏಕೆ ಹಾಗೆಂದೆನೋ ತಿಳಿಯದು. ನೀನು ಹುಟ್ಟುವಾಗ ನಿನ್ನ ಅಕ್ಕನಿಗೇ ಹದಿಮೂರು. ನಿನ್ನನ್ನು ಸೊಂಟದ ಮೇಲಿಟ್ಟುಕೊಂಡೇ ಅವಳು ನನಗೆ ಮೊದಲು ಕಂಡದ್ದು. ದಟ್ ಈಸ್ ನೀದರ್ ಹಿಯರ್ ನಾರ್ ದೇರ್.

ಮೂಸುವ ಮೊದಲು ಕಿಟಕಿ ತೆಗಿ. ಒಂದಕ್ಕೂ ಇನ್ನೊಂದಕ್ಕೂ ನಡುವೆ ಬಿಡುವು ಕೊಡು. ಅವಸರ ಬೇಡ. ಗೆರೆ ಎಳೆಯುವಾಗ ಉಸಿರು ಹಿಡಿಯುತ್ತೇವಲ್ಲ, ಇದು ಅದರ ತಿರುಗುಮುರುಗು.

ಯುವರ್ಸ್ ಫೇತ್‌ಫುಲಿ (ಈ ಸಲ ಹಾಕಿದ್ದೇನೆ, ನೋಡಿಕೊ),
ಭಾವ

*

ಸೆಪ್ಟೆಂಬರ್ 1

ಭಾವ!

ಎರಡು, ಮೂರು, ಐದು. ಸರಿಯಲ್ಲವೆ? ಸರಿ ಅನ್ನಿ!

ಮೊದಲನೆಯದರಲ್ಲಿ ಏನೂ ಇರಲಿಲ್ಲ. ಎರಡರಲ್ಲಿ ಸಣ್ಣಗೆ, ಪಕ್ಕದ ಕೋಣೆಯಿಂದ ಬಂದ ಹಾಗೆ. ಮೂರರಲ್ಲಿ ಇನ್ನೊಂದಿಷ್ಟು. ನಾಲ್ಕು ಖಾಲಿ. ಐದರಲ್ಲಿ ಮಾತ್ರ, ಭಾವ, ಅಕ್ಕನ ಅಡುಗೆಮನೆಯೇ ಇತ್ತು. ಅವಳು ಎಲೆ ಹಿಚುಕಿ ಬೆರಳನ್ನು ನನ್ನ ಮೂಗಿಗೆ ಸವರುತ್ತಿದ್ದಳಲ್ಲ, ಹಾಗೇ. ಗಂಟನ್ನು ಕೈಯಲ್ಲಿ ಹಿಡಿದು ಕೂತೇ ಇದ್ದೆ. ಆರನೆಯದು ಖಾಲಿ.

ಡಾಕ್ಟರ ಹತ್ತಿರ ಒಂದು ದಿನ ಗೊತ್ತುಮಾಡಿದ್ದೆ, ಬೇಡವೆಂದು ತಿಳಿಸಿಬಿಟ್ಟೆ. ಹನಿ ಕೆಲಸ ಮಾಡುತ್ತಿದೆ ಅನ್ನಿಸುತ್ತದೆ. ಇನ್ನು ದಿನಕ್ಕೆ ಎರಡು ಮಾಡುತ್ತೇನೆ. ಮನುಷ್ಯರಲ್ಲಿ ಯಾರೂ ನೋಡಿಲ್ಲವಲ್ಲ, ನಾನೇ ಮೊದಲನೆಯವಳಾಗಲಿ. ಎಡಗೈ ಆಗೀಗ ಮೇಜಿನ ಮೇಲೆ ತನ್ನಷ್ಟಕ್ಕೆ ತಾಳ ಹಾಕುತ್ತದೆ, ಅದು ಬರೀ ಆಯಾಸ.

ಮಾತಿನಂತೆ ನೀವಿನ್ನು ಈ ವಿಷಯ ಎತ್ತಬಾರದು. ‘ಸರಿ’ ಎಂದು ಒಂದೇ ಸಾಲು ಬರೆದು ಹಾಕಿ.

ನಿಮ್ಮ ಪುಟ್ಟಿ

*

ಸೆಪ್ಟೆಂಬರ್ 6

ಪುಟ್ಟಿಗೆ,

ಒಂದೇ ಸಾಲು ಬರೆಯಲು ಮಧ್ಯಾಹ್ನವೇ ಕೂತೆ. ಆಗುತ್ತಿಲ್ಲ. ಬೆಳಿಗ್ಗೆ ಟೈಲರಮ್ಮ ನಿನ್ನ ಕಾಗದ ತಂದುಕೊಟ್ಟು, “ನಾದಿನಿದು ಬಂತಲ್ಲ, ನಗಿ ಸಾರ್” ಅಂದಳು. ಓದಿದೆ. ನಗಲಿಲ್ಲ.

ಆರರಲ್ಲೂ ಚರಟವೇ ಇತ್ತು.

ಬರೆದೆ. ಈಗ ಬಯ್ಯಿ. ಮುಗಿಸಿದ ಮೇಲೆ ಮುಂದೆ ಓದು.

ನೀನು ಹೇಳಿದ ಹಾಗೆಯೇ ಮಾಡಬೇಕೆಂದಿದ್ದೆ. ಮೂರು ಗಂಟಿಗೆ ಒಳ್ಳೆಯ ಎಲೆ ತುಂಬಿಯೂ ಇದ್ದೆ. ಆಮೇಲೆ ತಲೆಯಲ್ಲಿ ಹುಳ ಹೊಕ್ಕಿತು. ಇವಳು ಕಣ್ಣು ಮುಚ್ಚಿ ಕಲ್ಲೆಸೆದು, ಅದು ಹಣ್ಣಿಗೇ ತಗುಲಿದರೆ? ಅದೃಷ್ಟಕ್ಕೆ ಪಾಸಾದರೆ ಡಾಕ್ಟರ ಮೆಟ್ಟಿಲು ಹತ್ತುವುದಿಲ್ಲ, ನನ್ನ ಬಾಯಿಗೂ ಬೀಗ. ಆರನ್ನೂ ಖಾಲಿ ಮಾಡಿದರೆ ನೀನು ಆರೂ ಖಾಲಿ ಅನ್ನುತ್ತೀಯ, ಮೂರು ತಪ್ಪಿತೆಂದುಕೊಂಡು ಡಾಕ್ಟರನ್ನು ನೋಡುತ್ತೀಯ, ಅವರು ಏನಿಲ್ಲ ಅಂದರೆ ಆಗ ನನ್ನ ಕಳ್ಳಾಟ ಹೇಳಿ ಇಬ್ಬರೂ ನಗೋಣ ಅಂದುಕೊಂಡೆ. ಒಳ್ಳೆಯ ಎಲೆ ಹೊರಗೆ ತೆಗೆದೆ. ಗಂಟು ಕಟ್ಟಿದೆ. ‘ಫೇತ್‌ಫುಲಿ’ ಎಂದು ಬೇರೆ ಹಾಕಿದೆ, ನೀನು ಅದನ್ನೇ ನೋಡುತ್ತೀಯೆಂದು ಗೊತ್ತಿತ್ತಲ್ಲ. ಈ ಬುದ್ಧಿ ಕಾಲೇಜಿನಲ್ಲಿ ಇದ್ದಿದ್ದರೆ ಮೂರನೇ ವರ್ಷಕ್ಕೆ ಹೋಗುತ್ತಿದ್ದೆ.

ಆದರೆ ನೀನು ಐದರಲ್ಲಿ ಅಕ್ಕನ ಅಡುಗೆಮನೆ ಇತ್ತು ಎಂದು ಬರೆಯುತ್ತೀಯೆಂದು ನಾನು ಎಣಿಸಿರಲಿಲ್ಲ. ಇರಲಿಲ್ಲ ಪುಟ್ಟಿ. ಮೂರು ಸಲ ಕುದಿಸಿದ ಎಲೆ ಅದು. ಟೈಲರಮ್ಮ ಮೂಸಿ, ಒಗೆದ ಪಂಚೆಯ ವಾಸನೆ ಅಂದಿದ್ದಳು.

ಬೋರ್ಡಿಗೆ ಬಿಳಿ ಬಳಿದು ಒಣಗಲು ನಿಲ್ಲಿಸಿರುತ್ತೇವೆ. ಅಂಗಡಿಯವನು ದೂರದಿಂದ ಬಂದು, “ಆಹಾ, ನಮ್ಮ ಹೆಸರು ಎಷ್ಟು ಚೆನ್ನಾಗಿ ಬಂದಿದೆ!” ಅನ್ನುತ್ತಾನೆ. ನಾನಿನ್ನೂ ಒಂದಕ್ಷರ ಬರೆದಿರುವುದಿಲ್ಲ. ಅಂಥವರನ್ನು ಕಂಡರೆ ನನಗೆ ನಗು ಬರುತ್ತಿತ್ತು. ನಿನ್ನ ಕಾಗದ ಓದಿದ ಮೇಲೆ ಅವರನ್ನೆಲ್ಲ ನೆನೆಸಿಕೊಂಡೆ. ಪಾಪ, ಎಷ್ಟು ದಿನದಿಂದ ಕಾದಿದ್ದರೋ. ಹೆಸರು ಓದಿದರೆ ಮೂಗು ವಾಸನೆ ಹುಟ್ಟಿಸಿಕೊಳ್ಳುತ್ತದೆ ಎಂದು ನೀನೇ ಬರೆದಿದ್ದೆ. ಅಂಕಿಯನ್ನಾದರೂ ಓದಿತ್ತೇನೋ ಅದು.

ನಿನ್ನ ಜೂನ್ ತಿಂಗಳ ಕಾಗದ, ಇದು, ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡಿದ್ದೇನೆ. ಅಕ್ಷರ ಇನ್ನೂ ಕಿರಿದಾದ ಮಾತು ತೆಗೆಯುವುದಿಲ್ಲ, ನಿನಗೂ ಕಣ್ಣಿದೆ, ಅದೂ ಆ ಕಾಯಿಲೆಯ ಗುರುತಾಗಿರಬಹುದೆಂದು ಪಾಠ ಮಾಡುವವಳು ನೀನು. ಕುಂಚದ ಮಾತು ಒಂದಿದೆ. ನೆಲ ಡೊಂಕು ಎಂದು ಬರೆದಿದ್ದೆನಲ್ಲ, ಅದನ್ನು ಹೊಡೆದು ಹಾಕು. ಕುಂಚವೂ ಸರಿಯಿತ್ತು, ಗಿಡವೂ ಸರಿಯಿತ್ತು, ನೀನೂ ಸುಳ್ಳು ಹೇಳಲಿಲ್ಲ.

ನಾನೇನು ಡಾಕ್ಟರೆ? ಔಷಧಿ ಅಂಗಡಿಯವನನ್ನು ಕೇಳಿದೆ, ಮೂಗು ಕೈಕೊಡಲು ನೂರು ಕಾರಣ ಸಾರ್ ಅಂದ. ಅದೇ ಆಗಿರಬೇಕೆಂದೇನಿಲ್ಲ. ಅದೇ ಆಗಿದ್ದರೂ ನಿಮ್ಮಮ್ಮನ ಕಾಲಕ್ಕೂ ಈಗಿನ ಕಾಲಕ್ಕೂ ಔಷಧಿಯಲ್ಲಿ ವ್ಯತ್ಯಾಸ ಇರಬೇಕು, ಅದು ನನಗಿಂತ ನಿನಗೆ ಗೊತ್ತು. ಆ ಹನಿಯನ್ನು ಮಾತ್ರ ಸೀಸೆಗೇ ಬಿಡು. ನೊಣಗಳು ಹತ್ತಲಿ. ನಿನ್ನ ದೊಡ್ಡಪತ್ರೆ ಒಂದು ದಿನ ಜನರಿಗೂ ಬರಲಿ, ಅದರ ಬೋರ್ಡು ನಾನೇ ಬರೆಯುತ್ತೇನೆ, ದುಡ್ಡು ಬೇಡ. ಆದರೆ ಅಷ್ಟೂ ನೋಡಿ, ತೂಗಿ, ಕೊಡುವವರು ಕೊಡಬೇಕು. ಕದ್ದು ಲೋಟಕ್ಕೆ ಬಿಟ್ಟುಕೊಂಡರೆ ಅದನ್ನು ನಿನ್ನ ಲೆಕ್ಕದಲ್ಲಿ ಯಾವ ಕೊಳವೆಗೆ ಸೇರಿಸುತ್ತೀಯ?

ಕುರ್ಚಿಯ ಮಾತು. ನನಗೆ ಏಣಿ ಹತ್ತಲಾಗದ ವರ್ಷ ದೊಡ್ಡ ಬೋರ್ಡು ಬಿಟ್ಟೆ. ಮೂರು ದಿನ ಗೋಡೆಗೆ ಮುಖ ಮಾಡಿ ಮಲಗಿದ್ದೆ, ನಿನ್ನ ಅಕ್ಕ ನನ್ನ ಪಾಡಿಗೆ ಬಿಟ್ಟಳು. ನಾಲ್ಕನೆಯ ದಿನ ಒಂದು ಹಳೆಯ ತಗಡು ತಂದು ಎದುರಿಗಿಟ್ಟು, “ಕೂತು ಬರೆಯೋದು ಬರಲ್ವಾ?” ಅಂದಳು. ಅವಳಷ್ಟು ಚೆನ್ನಾಗಿ ನನಗೆ ಹೇಳಲು ಬರುವುದಿಲ್ಲ. ಯಾವ ನೊಣ ಹತ್ತಿತೆಂದು ನೋಡಲು ಕಣ್ಣು ಬೇಕು, ನಿನ್ನ ಕಣ್ಣು ಚೆನ್ನಾಗಿದೆ. ಕುಂಚವನ್ನು ಬೇರೆಯವರು ಹಿಡಿಯಲಿ. ಸೊನ್ನೆ ನಂಬರಿನದು ನನ್ನ ಹತ್ತಿರ ಇನ್ನೂ ಇದೆ.

ಟು ಕಟ್ ಎ ಲಾಂಗ್ ಸ್ಟೋರಿ, ಗುರುವಾರದ ಬೆಳಗಿನ ಬಸ್ಸಿಗೆ ಹೊರಡುತ್ತೇನೆ. ಕುಂಡವನ್ನು ತೊಡೆಯ ಮೇಲಿಟ್ಟುಕೊಂಡೇ ಬರುತ್ತೇನೆ, ಪಕ್ಕದ ಸೀಟಿನವರು ಸೀನಿದರೆ ಸೀನಲಿ. ಬೇಡವೆಂದು ತಿಳಿಸಿದ ಡಾಕ್ಟರಿಗೆ ನೀನೇ ಫೋನ್ ಮಾಡಿ ಮತ್ತೆ ಬರುತ್ತೇವೆ ಅನ್ನು. ‘ಬರುತ್ತೇವೆ’ ಅನ್ನು, ‘ಬರುತ್ತೇನೆ’ ಅಲ್ಲ. ನನ್ನ ಜೊತೆ ಮಾತು ಬಿಡು, ಪರವಾಗಿಲ್ಲ, ಹೇಗೂ ಮುಕ್ಕಾಲು ಕೇಳಿಸುವುದಿಲ್ಲ. ಬಾಗಿಲು ಮಾತ್ರ ತೆಗಿ.

ಬೆಳಕು ಹೋಗುತ್ತಿದೆ. ಈ ಸಾಲು ನೆಟ್ಟಗಿದೆಯೋ ಇಲ್ಲವೋ ಕಾಣುತ್ತಿಲ್ಲ. ದೀಪ ಹಾಕಬಹುದು. ಹಾಕಿದರೆ ಮೊದಲಿನಿಂದ ಓದುತ್ತೇನೆ, ಓದಿದರೆ ಹರಿಯುತ್ತೇನೆ, ಹರಿದರೆ ‘ಸರಿ’ ಎಂದು ಒಂದೇ ಸಾಲು ಬರೆದು ಕಳಿಸಿಬಿಡುತ್ತೇನೆ. ಅದಕ್ಕೇ ಹಾಕುವುದಿಲ್ಲ. ಬೀದಿ ಮೂಲೆಯ ಅಂಚೆ ಡಬ್ಬಕ್ಕೆ ಈಗಲೇ ಹೋಗಿ ಹಾಕಿ ಬರುತ್ತೇನೆ.

ಫೇತ್‌ಫುಲಿ,
ಭಾವ